ಪೂರ್ವಕ್ಕೆ ಮಾಣಿಕಪ್ಪನ ಗೋಡೆ

ಮೊದಲ ದಿನವೇ ಶಿಕ್ಷಕಿ ನನ್ನ ಎರಡೂ ಕೈಗಳ ಮೇಲೆ ಟವೆಲ್ ಹೊದಿಸಿದರು. ಕೈ ಕೆಳಗೆ ಕೀಲಿಮಣೆ, ಎದುರಿಗೆ ಕಂಪ್ಯೂಟರಿನ ಪರದೆ, ನಡುವೆ ಈ ಮುಸುಕು. ಬೀದರಿನ ಆ ತರಬೇತಿ ಕೇಂದ್ರದಲ್ಲಿ ನನ್ನ ಜೊತೆ ಕುಳಿತಿದ್ದ ಹನ್ನೊಂದು ಮಂದಿಯೂ ನನ್ನ ಮಕ್ಕಳ ವಯಸ್ಸಿನವರು. ಅವರಲ್ಲಿ ಯಾರಿಗೂ ಟವೆಲ್ ಬೀಳಲಿಲ್ಲ. ಅಕ್ಷರ ಎಲ್ಲಿದೆ ಎಂದು ಕೀಲಿಮಣೆಯನ್ನೇ ನೋಡುತ್ತಿದ್ದವನು ನಾನೊಬ್ಬನೇ ಎಂದು ಶಿಕ್ಷಕಿ ಹೇಳಿದರು. ಅದು ಸುಳ್ಳು. ಎಲ್ಲರೂ ನೋಡುತ್ತಿದ್ದರು, ನಾನು ಸಿಕ್ಕಿಬಿದ್ದೆ ಅಷ್ಟೆ.

ನಾನು ದಸ್ತಾವೇಜು ಬರೆಯುವವನು. ಔರಾದದ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು, ಮನೆ ಹೊಲಗಳ ಕ್ರಯಪತ್ರ, ದಾನಪತ್ರ, ಪಾಲುಪತ್ರಗಳನ್ನು ಇಪ್ಪತ್ತಾರು ವರ್ಷ ಕೈಯಿಂದಲೇ ಬರೆದಿದ್ದೇನೆ. ಮನೆಯಲ್ಲಿ ನಮ್ಮದು ದಖನಿ ಮಾತು, ಮೇಜಿನ ಮೇಲೆ ಕನ್ನಡ. ನನ್ನ ಅಕ್ಷರದ ಬಗ್ಗೆ ನನಗೆ ಸೊಕ್ಕಿತ್ತು, ಮುಚ್ಚಿಡುವುದೇನು? ಮುನ್ಶಿ ಸಾಬರು, ಎಂದರೆ ನಾನು, ಬರೆದ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು ಎಂದು ಹಳೆಯ ಗುಮಾಸ್ತರೊಬ್ಬರು ಹೇಳಿದ್ದರು. ಅದನ್ನು ನಾನು ಕನಿಷ್ಠ ಇನ್ನೂರು ಜನರಿಗೆ ಹೇಳಿರಬೇಕು.

ಆಮೇಲೆ ಕಚೇರಿಯಲ್ಲಿ ಟೈಪು ಮಾಡಿದ ಕರಡು ಮಾತ್ರ ನಡೆಯುವ ಕಾಲ ಬಂತು. ಕರಡನ್ನು ಕಂಪ್ಯೂಟರಿನಲ್ಲಿ ಏರಿಸಬೇಕು, ಅಧಿಕಾರಿ ಅದನ್ನು ನೋಡಿ ಒಪ್ಪಬೇಕು, ಆಮೇಲೆ ದಿನವೂ ಹೊತ್ತೂ ಗೊತ್ತಾಗುತ್ತದೆ. ಕೆಲವು ಕಾಲ ನಾನು ಕೈಯಲ್ಲಿ ಬರೆದು ಝೆರಾಕ್ಸ್ ಅಂಗಡಿಗೆ ಕೊಡುತ್ತಿದ್ದೆ, ಅಲ್ಲಿಯವನು ಟೈಪು ಮಾಡುತ್ತಿದ್ದ. ಸ್ವಲ್ಪ ದಿನದಲ್ಲಿ ಜನರಿಗೆ ಒಂದು ವಿಷಯ ಹೊಳೆಯಿತು. ಕೊನೆಗೆ ಅಂಗಡಿಗೇ ಹೋಗಬೇಕಾದರೆ ನಡುವೆ ಈ ಮುನ್ಶಿ ಏತಕ್ಕೆ? ನನ್ನ ಮೇಜಿನ ಮುಂದೆ ಹಾದು ನೇರವಾಗಿ ಅಂಗಡಿಗೆ ಹೋಗತೊಡಗಿದರು. ಸಲಾಂ ಮಾತ್ರ ತಪ್ಪಿಸುತ್ತಿರಲಿಲ್ಲ. ಮೇಜು ಮಡಚಿ ಮನೆಯಲ್ಲಿ ಕೂರುವುದಾದರೆ ಕೂರು, ಇಲ್ಲವೇ ಕಲಿತುಕೋ, ಎರಡರ ನಡುವೆ ಮುಖ ಊದಿಸಿಕೊಂಡು ನನ್ನ ತಲೆ ತಿನ್ನಬೇಡ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಮರುವಾರ ಬೀದರಿನ ಮುಂಜಾನೆಯ ಬಸ್ಸು ಹತ್ತಿದೆ.

ಕೈಬರಹದವನಿಗೆ ಬೆರಳು ಮೂರೇ. ಇಲ್ಲಿ ಹತ್ತೂ ಬೇಕು. ಎಡಗೈಯ ನಾಲ್ಕು ಬೆರಳು ಅ, ಸ, ದ ಮತ್ತು ಒತ್ತಕ್ಷರ ಜೋಡಿಸುವ ಕೀಲಿಯ ಮೇಲೆ. ಬಲಗೈಯವು ಜ, ಕ, ಲ ಕಡೆಗೆ. ಎರಡು ತೋರುಬೆರಳುಗಳ ಕೀಲಿಗಳ ಮೇಲೆ ಒಂದೊಂದು ಸಣ್ಣ ಗೆರೆ ಉಬ್ಬಿರುತ್ತದೆ. ದಾರಿ ತಪ್ಪಿದ ಬೆರಳು ಅದನ್ನು ಮುಟ್ಟಿ ಮನೆಗೆ ಬರಬೇಕು. ದೀರ್ಘಕ್ಕೆ, ಮಹಾಪ್ರಾಣಕ್ಕೆ ಕಿರುಬೆರಳಿನಿಂದ ಶಿಫ್ಟ್ ಒತ್ತಬೇಕು. ಐವತ್ತೆರಡು ವರ್ಷ ಏನೂ ಕೆಲಸ ಮಾಡದೆ ಬದುಕಿದ್ದ ನನ್ನ ಕಿರುಬೆರಳು ಈ ವಯಸ್ಸಿನಲ್ಲಿ ನೌಕರಿ ಮಾಡಲು ಒಪ್ಪಲಿಲ್ಲ. ಬೇರೆ ಕೀಲಿಗಳನ್ನು ನಾನು ಪೆನ್ನು ಒತ್ತುವಂತೆ ಒತ್ತಿ ಹಿಡಿಯುತ್ತಿದ್ದೆ. ಪರದೆಯ ಮೇಲೆ ಒಂದು ಕಕಾರದ ಬದಲು ಒಂದು ಸಾಲು ಕಕಾರ ಬರುತ್ತಿತ್ತು.

ಬಸ್ಸಿನಲ್ಲಿ ಹೋಗುತ್ತ ಬರುತ್ತ ಮಡಿಲಿನ ಚೀಲದ ಮೇಲೆ ಬೆರಳಾಡಿಸುತ್ತಿದ್ದೆ. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ನಾಲ್ಕು ದಿನ ನೋಡಿ, ಕೈ ನಡುಗುವುದಕ್ಕೆ ಭಾಲ್ಕಿಯಲ್ಲಿ ಒಳ್ಳೆಯ ಡಾಕ್ಟರು ಇದ್ದಾರೆ ಎಂದು ಹೇಳಿದಳು.

ಶಿಕ್ಷಕಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮೆಥಡಿಸ್ಟ್ ಮನೆತನದವರು. ತಾಯಿ ನರ್ಸಾಗಿದ್ದರು, ಇವರು ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ನನ್ನನ್ನು ಚಾಚಾ ಎಂದು ಕರೆಯುತ್ತಲೇ ಯಾವ ರಿಯಾಯಿತಿಯನ್ನೂ ಕೊಡುತ್ತಿರಲಿಲ್ಲ. ಎರಡನೆಯ ವಾರ ನಾನು ಟವೆಲ್ ಎತ್ತಿ ಪಕ್ಕಕ್ಕಿಟ್ಟು, ಕಣ್ಣಿದ್ದೂ ಕುರುಡನಾಗು ಎಂದರೆ ಹೇಗೆ, ನೋಡಿ ಒತ್ತಿದರೆ ಯಾರ ಗಂಟು ಹೋಗುತ್ತದೆ ಎಂದು ಸಿಡುಕಿದೆ. ಅವರು ಸಿಡುಕಲಿಲ್ಲ.

"ಹಾರ್ಮೋನಿಯಂ ಬಾರಿಸೋರು ಕೈ ನೋಡ್ತಾರೇನ್ರಿ ಚಾಚಾ?" ಎಂದರು. "ಹಾಡೋರ ಮುಖ ನೋಡ್ತಾರ. ಕೈ ನೋಡ್ಕೋತ ಕುಂತ್ರ ಹಾಡೋರು ಎಲ್ಲಿ ನಿಂತ್ರು, ಎಲ್ಲಿ ಉಸುರು ತಗೊಂಡ್ರು, ಏನೂ ತಿಳಿಯಂಗಿಲ್ರಿ."

ನಾನು ಟವೆಲನ್ನು ಮತ್ತೆ ಹೊದ್ದುಕೊಂಡೆ. ಮಾತು ಮಾತ್ರ ಇನ್ನೂ ಮನಸ್ಸಿಗೆ ಇಳಿದಿರಲಿಲ್ಲ.

ಬೆರಳಿಗಿಂತ ಹೆಚ್ಚು ಕಾಡಿದ್ದು ನನ್ನ ವೃತ್ತಿಯ ಹಳೆಯ ಅಭ್ಯಾಸಗಳು. ದಸ್ತಾವೇಜಿನಲ್ಲಿ ಸಾಲಿನ ಕೊನೆಗೆ ಖಾಲಿ ಜಾಗ ಬಿಡಬಾರದು. ಬಿಟ್ಟರೆ ಯಾರಾದರೂ ಆಮೇಲೆ ಒಂದು ಶಬ್ದ ಸೇರಿಸಿಯಾರು. ಅದಕ್ಕೇ ನಾವು ಉಳಿದ ಜಾಗಕ್ಕೆ ಉದ್ದ ಗೆರೆ ಎಳೆಯುತ್ತೇವೆ. ನಾನು ಕಂಪ್ಯೂಟರಿನಲ್ಲೂ ಹಾಗೆಯೇ ಮಾಡಿದೆ. ಪ್ರತಿ ಸಾಲಿನ ಕೊನೆಗೆ ಗೆರೆಯ ಕೀಲಿ ಒತ್ತಿ ಒತ್ತಿ ಅಂಚಿನ ತನಕ ತುಂಬಿಸಿ, ಎಂಟರ್ ಹೊಡೆದು ಕೆಳಗಿಳಿದೆ. ಎರಡು ಪುಟವಾಯಿತು. ನೋಡಲು ಬಹಳ ಚೆಂದ. ಶಿಕ್ಷಕಿ ಬಂದು ಎಡಗಡೆಯ ಅಂಚನ್ನು ಒಂದಿಷ್ಟು ಒಳಗೆ ಸರಿಸಿದರು. ನನ್ನ ಗೆರೆಗಳೆಲ್ಲ ಜಾರಿ ಸಾಲುಗಳ ನಡುವೆ ಬಂದು ಕುಳಿತವು. ಕ್ರಯಪತ್ರವು ಬೇಲಿ ಕಿತ್ತ ಹೊಲದಂತೆ ಕಾಣುತ್ತಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಶಿಕ್ಷಕಿ ಎಲ್ಲ ಗೆರೆಗಳನ್ನು ನನ್ನಿಂದಲೇ ಅಳಿಸಿಸಿ, ಎರಡೂ ಅಂಚಿಗೆ ಸಾಲು ತಾನೇ ತುಂಬಿ ನಿಲ್ಲುವಂತೆ ಮಾಡುವ ಕೀಲಿಗಳನ್ನು ತೋರಿಸಿದರು. ಎರಡು ಕೀಲಿ ಒತ್ತಿದರೆ ಸಾಕು, ಖಾಲಿ ಜಾಗ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಎಷ್ಟು ಮೈಲಿ ಗೆರೆ ಎಳೆದಿರಬಹುದು ಎಂದು ಯೋಚಿಸುತ್ತ ಕುಳಿತೆ.

ಇನ್ನೊಂದು, ಅಳಿಸುವುದು. ನಮ್ಮಲ್ಲಿ ಅಳಿಸುವುದೆಂದರೆ ಪಾಪ. ತಪ್ಪಿದರೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಇಂಥಲ್ಲಿ ಇಂಥ ಶಬ್ದ ತಿದ್ದಿದೆ ಎಂದು ಪತ್ರದ ಕೊನೆಗೆ ಒಪ್ಪಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ತಪ್ಪಿಗೆ ಗಾಯವೂ ಇಲ್ಲ, ಕಲೆಯೂ ಇಲ್ಲ. ಮೊದಮೊದಲು ಬ್ಯಾಕ್‌ಸ್ಪೇಸ್ ಒತ್ತಲು ಕೈ ಬರುತ್ತಿರಲಿಲ್ಲ. ಆಮೇಲೆ ಬರತೊಡಗಿತು, ಅದೂ ಬಹಳ ಚೆನ್ನಾಗಿಯೇ.

ಎರಡೂವರೆ ತಿಂಗಳಿಗೆ ಟವೆಲ್ ತೆಗೆದರು. ನಾನು ಟೈಪು ಮಾಡಿದ ಮೊದಲ ಪೂರ್ಣ ದಸ್ತಾವೇಜು ಮಾಣಿಕಪ್ಪನ ದಾನಪತ್ರ. ಹೆಸರುಗಳನ್ನು ಇಲ್ಲಿ ಬೇರೆ ಇಟ್ಟಿದ್ದೇನೆ. ಮಾಣಿಕಪ್ಪ ಔರಾದದವನೇ, ಭಾಲ್ಕಿಗೆ ಹೋಗಿ ನೆಲೆಸಿದವನು. ತನ್ನ ಮನೆಯ ಒಂದು ಭಾಗವನ್ನು ಮಗಳಿಗೆ ಕೊಟ್ಟ. ಒಂದೊಂದು ಶಬ್ದವನ್ನೂ ಕೀಲಿ ನೋಡದೆ ಒತ್ತಿದೆ. ಭಾಲ್ಕಿಯ ಕಚೇರಿಯಲ್ಲಿ ಸಹಿಗೆ ಮುಂಚೆ ನಮ್ಮ ಪದ್ಧತಿಯಂತೆ ಓದಿ ಹೇಳಿದೆ.

ಆ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ನನಗೆ ಈ ಕೆಲಸ ಕಲಿಸಿದ ಉಸ್ತಾದರು ಯಾವ ಪತ್ರವನ್ನೂ ಓದಿ ಹೇಳದೆ ಸಹಿ ಹಾಕಿಸುತ್ತಿರಲಿಲ್ಲ. ಆಸ್ತಿಯ ನಾಲ್ಕು ದಿಕ್ಕಿಗೆ ಏನಿದೆ ಎಂದು ಹೇಳುವ ಚಕ್ಕುಬಂದಿ ಬಂದಾಗ ಕೊಡುವವರು, ತೆಗೆದುಕೊಳ್ಳುವವರು ಎದ್ದು ನಿಲ್ಲಬೇಕು. ಉಸ್ತಾದರು ಓದುವರು, ಇವರು ತಮ್ಮ ಮನೆಯಂಗಳದಲ್ಲೇ ನಿಂತಿದ್ದೇವೆ ಎಂದುಕೊಂಡು ಆ ದಿಕ್ಕಿಗೆ ಕೈ ಎತ್ತಿ ತೋರಿಸಬೇಕು. ಓದಲು ಬಾರದವರು ಕಾಗದಕ್ಕೆ ಮೋಸ ಹೋಗಬಹುದು, ಕೈ ಮೋಸ ಹೋಗುವುದಿಲ್ಲ ಎನ್ನುತ್ತಿದ್ದರು. ಅಳತೆಗೂ ಚಕ್ಕುಬಂದಿಗೂ ಜಗಳ ಬಿದ್ದರೆ ಕೋರ್ಟಿನಲ್ಲಿ ಗೆಲ್ಲುವುದು ಚಕ್ಕುಬಂದಿ. ಅದಕ್ಕೇ ಅವರಿಗೆ ಅಷ್ಟು ಕಾಳಜಿ.

ಮಾಣಿಕಪ್ಪನ ಮನೆಗೆ ಹಿತ್ತಲು ತಾಗಿದ ನೆರೆಯವನು ಕಾಶಪ್ಪ. ಮಾಣಿಕಪ್ಪನ ಕಾಗದ ನೋಡಿ ನನ್ನನ್ನು ಹುಡುಕಿಕೊಂಡು ಔರಾದಕ್ಕೇ ಬಂದ. ಅವನ ತಂಗಿ ಗಂಡ ಸತ್ತ ಮೇಲೆ ಹತ್ತು ವರ್ಷದಿಂದ ಅವನದೇ ಮನೆಯ ಬಡಗಣ ಅರ್ಧದಲ್ಲಿದ್ದಾಳೆ, ಹಿತ್ತಲಲ್ಲಿ ಶ್ಯಾವಿಗೆ ಹೊಸೆದು ಒಣಗಿಸಿ ಮಾರುತ್ತಾಳೆ. ಆ ಅರ್ಧವನ್ನೂ ಅದರ ಹಿಂದಿನ ಹಿತ್ತಲನ್ನೂ ಅವಳ ಹೆಸರಿಗೆ ಮಾಡಬೇಕು. ಲಾತೂರಿನಲ್ಲಿ ತನ್ನ ಎದೆಯ ಆಪರೇಷನ್‌ಗೆ ದಿನ ಗೊತ್ತಾಗಿದೆ, ಅಷ್ಟರೊಳಗೇ ಆಗಬೇಕು. ತಾನಿರುವ ತನಕ ಮಕ್ಕಳು ಅತ್ತೆಗೆ ಏನೂ ಅನ್ನುವುದಿಲ್ಲ, ತನ್ನ ಹಿಂದೆ ಏನೋ ಗೊತ್ತಿಲ್ಲ ಎಂದ. ನಾಲ್ಕು ಸಲ ನಿಂತು ಉಸಿರು ತೆಗೆದುಕೊಂಡು ಇಷ್ಟನ್ನು ಹೇಳಿದ.

ಅದೇ ವಾರ ತರಗತಿಯಲ್ಲಿ ಹುಡುಕಿ ಬದಲಿಸುವ ವಿದ್ಯೆ ಕಲಿತಿದ್ದೆ. ಹಳೆಯ ಹೆಸರು ಒಂದು ಕಡೆ, ಹೊಸ ಹೆಸರು ಇನ್ನೊಂದು ಕಡೆ ಹಾಕಿ, 'ಎಲ್ಲವನ್ನೂ ಬದಲಿಸು' ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಪತ್ರದಲ್ಲಿ ಹೆಸರು ಬದಲು. ಶಿಕ್ಷಕಿ ಮುಂದೆ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಔರಾದದ ಬಸ್ಸಿನ ಹೊತ್ತಾಗಿತ್ತು, ಅಲ್ಲದೆ ನನಗೆ ಬೇಕಾದುದು ಸಿಕ್ಕಿತ್ತು, ಎದ್ದು ಬಂದೆ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗಿತ್ತು ನನ್ನ ಉತ್ಸಾಹ.

ಕಾಶಪ್ಪನ ಪತ್ರಕ್ಕೆ ಮಾಣಿಕಪ್ಪನ ಪತ್ರವನ್ನೇ ಮಾದರಿಯಾಗಿ ತೆಗೆದುಕೊಂಡೆ. ಒಂದೇ ಓಣಿ, ಒಂದೇ ಬಗೆಯ ದಾನ. ಕೈಬರಹದ ಕಾಲದಲ್ಲೂ ಹೀಗೆಯೇ ಮಾಡುತ್ತಿದ್ದೆವು. ಮೊದಲು ತಂಗಿಯ ಭಾಗದ ಚಕ್ಕುಬಂದಿ, ಅಳತೆ ಟೈಪು ಮಾಡಿದೆ. ಕೊನೆಗೆ ಮಾಣಿಕಪ್ಪ ಇದ್ದಲ್ಲೆಲ್ಲ ಕಾಶಪ್ಪ ಎಂದು ಬದಲಿಸುವಂತೆ ಒತ್ತಿದೆ. ತಂಗಿಯ, ಸಾಕ್ಷಿಗಳ ಹೆಸರು ತಿದ್ದಿದೆ. ಅರ್ಧ ದಿನದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಕರಡು ಏರಿತು, ಕಚೇರಿ ಒಪ್ಪಿತು, ದಿನ ಗೊತ್ತಾಯಿತು. ಆಪರೇಷನ್‌ಗೆ ಎರಡು ದಿನ ಮೊದಲು.

ಆ ದಿನ ಬೆಳಿಗ್ಗೆ ಭಾಲ್ಕಿಯ ಕಚೇರಿಯ ಜಗುಲಿಯಲ್ಲಿ ಅಣ್ಣ, ತಂಗಿ, ಇಬ್ಬರು ಸಾಕ್ಷಿಗಳು, ನಾನು. ಕಾಶಪ್ಪನ ಕಾಲ ಬುಡದಲ್ಲಿ ಬಟ್ಟೆಯ ಚೀಲ, ಅದರೊಳಗೆ ಆಸ್ಪತ್ರೆಯ ಕಾಗದ. ಇಲ್ಲಿಂದಲೇ ಮಧ್ಯಾಹ್ನದ ಗಾಡಿ ಹಿಡಿದು ಲಾತೂರಿನ ಕಡೆಗೆ ಹೊರಡುವವನು. ನಮಗಿಂತ ಮುಂದೆ ಎರಡೇ ಹೆಸರಿದ್ದವು. ನಾನು ಮುದ್ರಿಸಿದ ಹಾಳೆಗಳನ್ನು ಚೀಲದಿಂದ ತೆಗೆದು ಸಹಿಯ ಜಾಗ ತೋರಿಸತೊಡಗಿದೆ. ಆಗ ತಂಗಿ ಕೇಳಿದಳು.

"ಮುನ್ಶಿ ಸಾಬ್, ಓದಂಗಿಲ್ಲೇನ್ರಿ? ನೀವು ಓದ್ತೀರಿ, ನಾವು ಕೈ ತೋರಿಸ್ಬೇಕು ಅಂತ ಮಾಣಿಕಪ್ಪ ಕಾಕಾ ಹೇಳ್ಯಾನ್ರಿ."

ಮಾಣಿಕಪ್ಪನ ಕಾಗದವನ್ನು ಆಗಲೇ ಓದಿದ್ದೇನೆ, ಇದರಲ್ಲಿ ಹೆಸರಷ್ಟೇ ಬೇರೆ ಎಂದು ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. ಕೆಲಸ ಕಲಿಸುತ್ತಾಳೆ ನನಗೆ! ಆದರೆ ಕೇಳಿದ ಮೇಲೆ ಇಲ್ಲ ಎನ್ನುವ ಹಾಗಿಲ್ಲ. ಅವಸರದಲ್ಲಿ ಓದಿದೆ. ಪಶ್ಚಿಮಕ್ಕೆ ರಸ್ತೆ ಎಂದೆ, ಅಣ್ಣ ತಂಗಿ ಇಬ್ಬರೂ ಕೈ ಎತ್ತಿದರು. ಉತ್ತರಕ್ಕೆ ಇಂಥವರ ಮನೆ, ಕೈ ಎದ್ದವು. ದಕ್ಷಿಣಕ್ಕೆ ಕಾಶಪ್ಪ ತನಗೆ ಉಳಿಸಿಕೊಂಡ ಅರ್ಧ, ಕೈ ಎದ್ದವು. ಪೂರ್ವಕ್ಕೆ ಕಾಶಪ್ಪನ ಮನೆಯ ಗೋಡೆ ಎಂದೆ. ಕಾಶಪ್ಪನ ಕೈ ಅಭ್ಯಾಸಬಲದಿಂದ ಎದ್ದಿತು. ತಂಗಿಯ ಕೈ ಸೊಂಟದ ತನಕ ಬಂದು ಅಲ್ಲಿಯೇ ನಿಂತಿತು.

"ಮನಿ ಗ್ವಾಡಿ ಆದ ಮ್ಯಾಲೆ ಹಿತ್ತಲ ಅದರಿ," ಎಂದಳು. "ಹಿತ್ತಲ ಆದ ಮ್ಯಾಲೆ ಮಾಣಿಕಪ್ಪ ಕಾಕಾನ ಗ್ವಾಡಿ. ನನ್ನ ಹಿತ್ತಲ ಎಲ್ಲಿ ಹೋಯ್ತ್ರಿ?"

ನಾನು ಹಾಳೆಯನ್ನು ನೋಡಿದೆ. ಟೈಪು ಮಾಡುವಾಗ 'ಪೂರ್ವಕ್ಕೆ ಮಾಣಿಕಪ್ಪನ ಮನೆಯ ಗೋಡೆ' ಎಂದೇ ಒತ್ತಿದ್ದೆ. ಆಮೇಲೆ ಎಲ್ಲವನ್ನೂ ಬದಲಿಸು ಎಂದಾಗ ಆ ಒಬ್ಬ ಮಾಣಿಕಪ್ಪನೂ ಕಾಶಪ್ಪನಾಗಿದ್ದ. ಈ ಕಾಗದದ ಪ್ರಕಾರ ತಂಗಿಯ ಪಾಲು ಕಾಶಪ್ಪನ ಮನೆಯ ಹಿಂಗೋಡೆಗೆ ಮುಗಿಯಿತು. ಅವಳು ಶ್ಯಾವಿಗೆ ಒಣಗಿಸುವ ಹಿತ್ತಲು, ನೀರಿನ ನಲ್ಲಿ, ಬಚ್ಚಲು ಎಲ್ಲವೂ ಹೊರಗೆ ಉಳಿದಿದ್ದವು. ಕೈಯಲ್ಲಿ ಬರೆದಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ, ಏಕೆಂದರೆ ಕೈ ಒಂದೊಂದು ಹೆಸರನ್ನೂ ಮುಟ್ಟಿಕೊಂಡು ಹೋಗುತ್ತದೆ.

ಸಾಕ್ಷಿಗಳಲ್ಲಿ ಒಬ್ಬ ವ್ಯವಹಾರಸ್ಥ. ಅಳತೆಯಲ್ಲಿ ಹಿತ್ತಲು ಸೇರಿದೆಯಲ್ಲ, ಇವತ್ತು ಮುಗಿಸಿಬಿಡಿ, ಮುಂದೆ ತಿದ್ದುಪಡಿ ಪತ್ರ ಮಾಡಿದರಾಯಿತು ಎಂದ. ತಿದ್ದುಪಡಿಗೂ ಕಾಶಪ್ಪನ ಸಹಿಯೇ ಬೇಕು. ಎಲ್ಲರ ಕಣ್ಣೂ ಆ ಬಟ್ಟೆಯ ಚೀಲದ ಮೇಲೆ ಹೋಯಿತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕಚೇರಿ ಒಪ್ಪಿದ ಕರಡು, ಯಾರು ನನ್ನನ್ನು ಕೇಳುತ್ತಿದ್ದರು?

"ತಪ್ಪು ನಂದದರಿ," ಎಂದೆ. "ಇದರ ಮ್ಯಾಲೆ ಸಹಿ ಮಾಡಬ್ಯಾಡ್ರಿ. ನಾ ಮತ್ತ ಬರೀತೇನಿ. ಗಾಡಿ ತಪ್ಪಿದ್ರ ತಪ್ಪಬಹುದು, ಹೇಳಿರ್ತೇನಿ."

ಕಾಶಪ್ಪ ತಂಗಿಯನ್ನು ನೋಡಿದ. "ಗಾಡಿ ನಾಳಿನೂ ಬರ್ತದರಿ ಮುನ್ಶಿ ಸಾಬ್," ಎಂದ. "ನಾ ಬರ್ತೇನೋ ಇಲ್ಲೋ ಯಾರಿಗ್ಗೊತ್ತು. ಬರೀರಿ."

ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಅವರು ನನ್ನನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಕರಡನ್ನು ತಿದ್ದಲು ಹಿಂದಕ್ಕೆ ಕಳಿಸಿದರು. ಊಟದ ಹೊತ್ತಿನ ಒಳಗೆ ಸರಿಯಾದದ್ದು ಬಂದರೆ ಇವತ್ತೇ ನೋಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು.

ಎದುರಿನ ಝೆರಾಕ್ಸ್ ಅಂಗಡಿಯವನು ಒಂದು ಶಬ್ದ ತಾನೆ, ಕೊಡಿ ನಾನೇ ಬದಲಿಸುತ್ತೇನೆ ಎಂದ. ಒಂದು ಶಬ್ದವೇ ಹೌದು. ಆದರೆ ಆ ಪತ್ರದಲ್ಲಿ ನನಗೆ ಕಾಣದೆ ಇನ್ನೇನು ಬದಲಾಗಿದೆಯೋ, ಈಗ ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಆಸ್ತಿಯ ವಿವರವನ್ನು ಪೂರ್ತಿ ಅಳಿಸಿ ಹೊಸದಾಗಿ ಟೈಪು ಮಾಡುತ್ತೇನೆ, ನಿನ್ನ ಕುರ್ಚಿ ಬಿಟ್ಟುಕೊಡು ಎಂದೆ. ಅವನಿಗೆ ನನ್ನ ವೇಗ ನೋಡಿ ನಗು ಬಂದಿರಬೇಕು. ಆದರೂ ಎದ್ದ.

ಕುಳಿತರೆ ಬೆರಳು ಏಳಲಿಲ್ಲ. ಬೇರೆಯವರ ಕೀಲಿಮಣೆ, ಅಕ್ಷರಗಳು ಸವೆದುಹೋಗಿದ್ದವು, ಬಗ್ಗಿ ನೋಡಿದರೂ ಏನೂ ಕಾಣದು. ಹಿಂದೆ ಐದು ಜನ ನಿಂತಿದ್ದಾರೆ. ಎರಡು ಸಾಲು ಒತ್ತಿದೆ, ಎರಡೂ ಕಸ. ಅಳಿಸಿದೆ. ಕಣ್ಣು ಮುಚ್ಚಿ ತೋರುಬೆರಳಿನಿಂದ ಉಬ್ಬಿದ ಗೆರೆಗಳನ್ನು ತಡಕಿದೆ. ಸಿಕ್ಕವು. ಹಾಡೋರ ಮುಖ ನೋಡ್ತಾರ ಎಂಬ ಮಾತು ಆಗ ನೆನಪಾಯಿತು. ಕುರ್ಚಿಯನ್ನು ಓರೆಯಾಗಿ ತಿರುಗಿಸಿ, ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡೆ. ಅಲ್ಲೇ ನಿನ್ನ ಮನೆಯ ನಡುವೆ ನಿಂತಿದ್ದೀಯ ಎಂದುಕೋ, ಒಂದೊಂದೇ ದಿಕ್ಕು ತೋರಿಸಿ ಹೇಳುತ್ತ ಹೋಗು ಎಂದೆ.

ಅವಳು ಕೈ ಎತ್ತಿದಳು. ನಾನು ಅವಳ ಕೈಯನ್ನೇ ನೋಡುತ್ತ ಒತ್ತಿದೆ. ಪೆನ್ನು ಹಿಡಿದ ಇಪ್ಪತ್ತಾರು ವರ್ಷ ಬರೆಯುವಾಗ ನಾನು ಒಂದು ಸಲವೂ ತಲೆ ಎತ್ತಿದವನಲ್ಲ. ನನ್ನ ಚೆಂದದ ಅಕ್ಷರವನ್ನೇ ನೋಡುತ್ತಿದ್ದೆ. ಯಾರ ಮನೆ, ಯಾರ ಹೊಲ ಬರೆಯುತ್ತಿದ್ದೆನೋ ಅವರ ಮುಖವನ್ನು ಬರೆಯುತ್ತಿರುವಾಗಲೇ ನೋಡಿದ್ದು ಅದೇ ಮೊದಲು. ಪೂರ್ವ ಬಂದಾಗ ಅವಳ ಕೈ ಮನೆಗೋಡೆ ದಾಟಿ, ನಲ್ಲಿ, ಬಚ್ಚಲು, ಶ್ಯಾವಿಗೆಯ ಹಗ್ಗ ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತ ಹೋಗಿ ಮಾಣಿಕಪ್ಪನ ಗೋಡೆಗೆ ನಿಂತಿತು. ನನ್ನ ಬೆರಳುಗಳೂ ಅಲ್ಲಿಯೇ ನಿಂತವು. ಪರದೆಯನ್ನು ನೋಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಉಳಿದ ಪುಟಗಳನ್ನು ಹೆಸರಿನ ಮೇಲೆ ಬೆರಳಿಟ್ಟುಕೊಂಡು ನೋಡಿದೆ. ಇಡೀ ಪತ್ರವನ್ನು ಅಂಗಡಿಯ ಮುಂದೆಯೇ ನಿಧಾನವಾಗಿ ಓದಿದೆ. ನಾಲ್ಕು ದಿಕ್ಕಿಗೂ ಇಬ್ಬರ ಕೈಯೂ ಎದ್ದವು. ಕರಡು ಮತ್ತೆ ಏರಿತು, ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೆಸರು ಕೂಗಿದರು. ಫೋಟೋ, ಹೆಬ್ಬೆರಳು, ಸಹಿ ಎಲ್ಲ ಮುಗಿಯಿತು. ಕೊನೆಯ ಪುಟದ ಕೆಳಗೆ ಬಿಕ್ಕಲಂ ಎಂದು ಒಂದು ಸಾಲಿರುತ್ತದೆ, ಬರೆದವನ ಹೆಸರಿಗೆ. ಅದನ್ನು ನನ್ನ ಪೆನ್ನಿನಿಂದ ಬರೆದೆ. ಕಾಶಪ್ಪ ಚೀಲ ಎತ್ತಿಕೊಂಡು, ತಂಗಿಯ ತಲೆಯ ಮೇಲೊಮ್ಮೆ ಕೈಯಿಟ್ಟು, ಸ್ಟೇಷನ್ನಿಗೆ ಹೋಗುವ ಆಟೋ ಹತ್ತಿದ. ಗಾಡಿ ಸಿಕ್ಕಿತು ಎಂದು ಆಮೇಲೆ ತಿಳಿಯಿತು.

ಮರುದಿನ ಶಿಕ್ಷಕಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಒಂದೊಂದಾಗಿ ನೋಡಿ ಬದಲಿಸುವ ಗುಂಡಿ ಪಕ್ಕದಲ್ಲೇ ಇದೆ, ಅವತ್ತು ನೀವು ಎದ್ದು ಹೋದಾಗ ನಾನು ಅದನ್ನೇ ಹೇಳುತ್ತಿದ್ದೆ ಎಂದರು. ಅಂದಿನಿಂದ ಬಸ್ಸು ಹೋದರೆ ಹೋಗಲಿ ಎಂದು ಪಾಠ ಮುಗಿಯುವ ತನಕ ಕೂರುತ್ತೇನೆ.

ಮೂರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಭಾಲ್ಕಿಗೆ ಹೋದಾಗ ಮಾಣಿಕಪ್ಪ ಚಹಾಕ್ಕೆ ಕರೆದ. ಅವನ ಕಿಟಕಿಯ ಆಚೆ, ಪಕ್ಕದ ಹಿತ್ತಲಲ್ಲಿ ತಂಗಿ ಹಗ್ಗದ ತುಂಬ ಶ್ಯಾವಿಗೆ ಹರವುತ್ತಿದ್ದಳು. ನನ್ನನ್ನು ಕಂಡು ಗೋಡೆಯ ಹತ್ತಿರ ಬಂದಳು. ಅಣ್ಣನ ಹಿರಿಯ ಮಗ ಕಾಗದ ತರಿಸಿಕೊಂಡು ಎರಡು ಸಲ ಓದಿ, ಏನೂ ಅನ್ನದೆ ಮಡಚಿ ಕೊಟ್ಟನಂತೆ. ಅಷ್ಟರಲ್ಲಿ ಮನೆಯ ಕಡೆಯಿಂದ ಕಾಶಪ್ಪ ಬಂದ. ಬಹಳ ಸೊರಗಿದ್ದ, ಅಂಗಿಯ ಕತ್ತಿನೊಳಗಿಂದ ಹೊಲಿಗೆಯ ತುದಿ ಕಾಣುತ್ತಿತ್ತು. ಹಿತ್ತಲ ಬಾಗಿಲ ಹೊಸ್ತಿಲಿನ ಆಚೆಯೇ ನಿಂತು ತಮಾಷೆಗೆ, "ಮಾಲಕೀಣಬಾಯಿ, ಒಳಗ ಬರ್ಲೇನ್ರಿ?" ಎಂದು ಕೇಳಿದ.

ತಂಗಿ ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ಮಾಣಿಕಪ್ಪನ ಗೋಡೆಯತ್ತ ತೋರಿಸಿದಳು.

"ಅಲ್ಲಿತನಕ ನಂದೇ ಅದ," ಎಂದಳು. "ಎಲ್ಲಿ ಬೇಕಾದ್ರ ಅಲ್ಲಿ ಕೂಡು, ಅಣ್ಣಾ."